ಸ್ತನ ಕ್ಯಾನ್ಸರ್ ಸರ್ಜನ್ ಆಗುವ ದಾರಿ

ಹಾಸನದಲ್ಲಿ ಎಂಬಿಬಿಎಸ್ ಓದುತ್ತಿರುವ ನಿಮ್ಮ ತಂಗಿ ಸ್ತನ ಕ್ಯಾನ್ಸರ್ ಸರ್ಜನ್ ಆಗಬಹುದಾ, ಜೊತೆಗೆ ಸಂಶೋಧನೆಯೂ ಸಾಧ್ಯವಾ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ ಸರ್. ಎಂಬಿಬಿಎಸ್ ಆದಮೇಲೆ 3 ವರ್ಷ ಎಂಎಸ್ ಜನರಲ್ ಸರ್ಜರಿ, ಆಮೇಲೆ 3 ವರ್ಷ ಎಂಸಿಎಚ್ ಸರ್ಜಿಕಲ್ ಆಂಕಾಲಜಿ, ಅಂದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಉನ್ನತ ಕೋರ್ಸ್. ಈ ಕೋರ್ಸ್ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೇ ಇದೆ.

ಸಂಶೋಧನೆ ಈ ಚಿಕಿತ್ಸೆಯನ್ನು ಹೇಗೆ ಬದಲಿಸಿದೆ ನೋಡಿ. ಮೊದಲು ಇಡೀ ಸ್ತನವನ್ನೇ ತೆಗೆಯುತ್ತಿದ್ದರು. ಗಡ್ಡೆಯಷ್ಟೇ ತೆಗೆದು ರೇಡಿಯೇಶನ್ ಕೊಟ್ಟರೂ ಬದುಕುಳಿಯುವ ಪ್ರಮಾಣ ಅಷ್ಟೇ ಎಂದು ಅಮೆರಿಕದ ಸರ್ಜನ್ ಬರ್ನಾರ್ಡ್ ಫಿಶರ್ ತಂಡ 20 ವರ್ಷ ನಿಗಾ ಇಟ್ಟು 2002ರಲ್ಲಿ ತೋರಿಸಿತು. ಎಂಥ ತಾಳ್ಮೆ, ಅಲ್ವಾ? ಈಗ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಸ್ತನದಿಂದ ಕ್ಯಾನ್ಸರ್ ಹರಡಬಹುದಾದ ಸಣ್ಣ ಗಂಟುಗಳು) ಸುಮ್ನೆ ಎಲ್ಲ ತೆಗೆಯುವುದಿಲ್ಲ. ಇಂಡೋಸಯನೀನ್ ಗ್ರೀನ್ ಬಣ್ಣ ಚುಚ್ಚಿ, ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಹೊಳೆಯುವ, ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಗಂಟುಗಳನ್ನು ಹುಡುಕುತ್ತಾರೆ. ಅವುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಕೈ ಬಾವು ಬರುವುದು ಎಷ್ಟೋ ಕಡಿಮೆಯಾಗುತ್ತದೆ. ಸಕಲೇಶಪುರದ ತೋಟದಲ್ಲಿ ಕಾಫಿ ಕೊಯ್ಯುವ ಹೆಂಗಸಿಗೆ ಇದಕ್ಕಿಂತ ದೊಡ್ಡದು ಏನಿದೆ?

ನಿಮ್ಮ ತಂಗಿ ಇಂಟರ್ನ್‌ಶಿಪ್‌ನಲ್ಲೇ ಸರ್ಜರಿ ವಾರ್ಡಿನಲ್ಲಿ ಜಾಸ್ತಿ ಹೊತ್ತು ಇರಲಿ.