ಮನ್ನಾ ಡೇ ಅಷ್ಟು ಕಲಿತೂ ಎರಡನೇ ಸಾಲಲ್ಲೇ ಉಳಿದ್ರು ಅಂದ್ಮೇಲೆ ನಾನ್ಯಾಕೆ ಶಾಸ್ತ್ರೀಯ ಕಲೀಬೇಕು?

ಆರ್ಕೆಸ್ಟ್ರಾದಲ್ಲಿ ನಿಮಗೆ ಹಳೇ ಹಿಂದಿ ಸಿನಿಮಾ ಗಾಯಕ ಮನ್ನಾ ಡೇ ಅವರ ಹಾಡು ಮಾತ್ರ ಕೊಡ್ತಾರೆ, ಅದೂ ಜನ ಎದ್ದು ಹೋಗೋ ಹೊತ್ತಲ್ಲಿ, ಕಿಶೋರ್ ರಫಿ ಎಲ್ಲಾ ಮೇನ್ ಸಿಂಗರ್‌ಗೆ ಹೋಗುತ್ತೆ, ಅದಕ್ಕೆ ಹಿಂದೂಸ್ತಾನಿ ಕ್ಲಾಸ್ ಬಿಟ್ಟು ಕಿಶೋರ್ ವಾಯ್ಸ್ ಪ್ರಾಕ್ಟೀಸ್ ಮಾಡ್ಲಾ ಅಂತ ಕೇಳಿದೀರಿ. ಬಿಡಬೇಡಿ. ನಾನು ಬಿಟ್ಟಿದ್ದೆ, ಅದಕ್ಕೇ ಹೇಳ್ತಿದೀನಿ.

ನಂದು ಹುಬ್ಬಳ್ಳಿ. ಹೈಸ್ಕೂಲಿಂದ ಧಾರವಾಡದಲ್ಲಿ ಒಬ್ಬ ಗುರುಗಳ ಹತ್ರ ಕಲೀತಿದ್ದೆ, ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಹೋಗೋದು, ಅವರ ಪಡಸಾಲೇಲಿ ತಂಬೂರಿ ಶ್ರುತಿ ಮಾಡ್ಕೊಂಡು ಕೂರೋದು, ಎಷ್ಟೋ ಹೊತ್ತು ಬರೀ ಸಾ ಹಚ್ಚೋದು, ಅಂದ್ರೆ ಆಧಾರ ಸ್ವರ ಒಂದನ್ನೇ ಹಿಡಿದು ಹಾಡೋದು. ಡಿಗ್ರಿ ಮುಗಿಯೋ ಹೊತ್ತಿಗೆ ಆರ್ಕೆಸ್ಟ್ರಾ ಸೇರ್ಕೊಂಡೆ. ಗಣಪತಿ, ಜಾತ್ರೆ, ರಿಸೆಪ್ಷನ್. ನಿಮ್ಮ ಟೀಮ್ ಥರಾನೇ ಅಲ್ಲೂ ಒಬ್ಬರು ವಾಯ್ಸ್ ಆಫ್ ಕಿಶೋರ್, ಒಬ್ಬರು ವಾಯ್ಸ್ ಆಫ್ ಎಸ್‌ಪಿಬಿ. ನನ್ನ ಗಂಟಲಲ್ಲಿ ಗಮಕ (ಸ್ವರದ ಓಲಾಟ) ಬೀಳುತ್ತೆ ಅಂತ ಮಾಲೀಕರು "ನೀ ಮನ್ನಾ ಡೇ ಹಾಡೋ" ಅಂದ್ರು. 'ಲಾಗಾ ಚುನರಿ ಮೇಂ ದಾಗ್' ಕೊನೇಲಿ ತರಾನಾ (ಅರ್ಥ ಇಲ್ಲದ ಅಕ್ಷರಗಳ ವೇಗದ ಹಾಡಿಕೆ) ಬರುತ್ತಲ್ಲ, ಅಲ್ಲಿಗೆ ಬಂದ್ರೆ ನಮ್ಮ ತಬಲಾದವರು ಹುರುಪಾಗಿ ಮುಂದಕ್ಕೆ ಬಗ್ಗೋರು, ಮುಂದಿನ ಸಾಲಲ್ಲಿ ಕೂತ ಹಿರಿಯರೊಬ್ರು ತೊಡೆ ತಟ್ಟೋರು, ಹುಡುಗರೆಲ್ಲ ಆ ಹೊತ್ತಿಗೆ ಗಾಡಿ ಹತ್ರ ಗಿರಮಿಟ್ಟು ತಿಂತಿರ್ತಿದ್ರು. ನಾನು ನೋಡಿದ್ದು ಬರೀ ಆ ಹುಡುಗರನ್ನ. ತೊಡೆ ತಟ್ಟೋರನ್ನ ಲೆಕ್ಕಕ್ಕೇ ಹಿಡೀಲಿಲ್ಲ.

ಆಮೇಲೆ ಒಂದ್ ದಿನ ಬೆಂಗಳೂರಿಂದ ಒಬ್ಬ ಸಂಗೀತ ನಿರ್ದೇಶಕರ ಫೋನ್ ಬಂತು. ನಮ್ಮ ತಬಲಾದವರೇ ನನ್ನ ನಂಬರ್ ಕೊಟ್ಟಿದ್ದು. ಒಂದು ಹಾಡಿದೆ, ಭಾರ ಇರೋ ದನಿ ಬೇಕು, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಗೊತ್ತಿರಬೇಕು, ಮೊದಲು ಟ್ರ್ಯಾಕ್ (ಮಾದರಿ ರೆಕಾರ್ಡಿಂಗ್) ಹಾಡು, ಸರಿ ಅನ್ನಿಸಿದ್ರೆ ನಿನ್ನ ದನೀನೇ ಇಟ್ಕೋತೀನಿ ಅಂದ್ರು. ನಾನು ಕೇಳಿದ ಮೊದಲ್ನೇ ಪ್ರಶ್ನೆ ಏನು ಗೊತ್ತಾ? "ಹೀರೋಗೇನ್ರಿ ಸರ?"

ಅವರು "ಅಲ್ಲಪ್ಪಾ, ಹೀರೋ ಅಜ್ಜನಿಗೆ, ಮೊಮ್ಮಗನ್ನ ಹೆಗಲ ಮೇಲೆ ಕೂರಿಸ್ಕೊಂಡು ಜಾತ್ರೆಗೆ ಹೋಗ್ತಾನೆ" ಅಂದ್ರು. ನಾನು ಆ ವಾರ ಪ್ರೋಗ್ರಾಮ್ ಐತ್ರಿ ಅಂದೆ. ಪ್ರೋಗ್ರಾಮ್ ಇರ್ಲಿಲ್ಲ.

ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನ ಕೇಳಿದೋರೆಲ್ಲ "ಅಯ್ಯೋ ಒಂದು ಚಾನ್ಸ್ ಹೋಯ್ತಲ್ಲ" ಅಂತಾರೆ, ವಿಷಯ ಅದಲ್ಲ. ಆ ಹಾಡು ಹಿಟ್ ಆಗ್ಲಿಲ್ಲ, ಸಿನಿಮಾನೂ ಓಡ್ಲಿಲ್ಲ. ನಾನು ಕಳ್ಕೊಂಡಿದ್ದು ಆ ರೂಮು. ಸ್ಟುಡಿಯೋ ಒಳಗೆ ಹೋಗಿ ಹೆಡ್‌ಫೋನ್ ಹಾಕ್ಕೊಂಡು ನಿಂತಿದ್ರೆ ಒಬ್ಬ ಸಂಗೀತ ನಿರ್ದೇಶಕರು, ಒಬ್ಬ ಸೌಂಡ್ ಎಂಜಿನಿಯರ್, ಕೊಳಲಿನವರು, ವಯೊಲಿನ್‌ನವರು ನನ್ನ ದನಿ ಕೇಳ್ತಿದ್ರು, ಅವರಲ್ಲಿ ಒಬ್ಬರು ಮುಂದೆ ಇನ್ನೆಲ್ಲೋ "ಹುಬ್ಬಳ್ಳಿ ಹುಡುಗ ಒಬ್ಬ ಇದಾನೆ" ಅಂತಿದ್ರು. ಹಾಡೋರ ಕೆಲಸ ಹಿಂಗೇ ಬಾಯಿಂದ ಬಾಯಿಗೆ ನಡೆಯೋದು. ನನ್ನ ಬದಲು ಹೋದೋನಿಗೆ ಅದೇ ಆಯ್ತು, ಆ ಅಜ್ಜನ ಹಾಡಿಂದ ಭಕ್ತಿಗೀತೆ ಆಲ್ಬಮ್ಮು, ಅಲ್ಲಿಂದ ಸೀರಿಯಲ್ ಟೈಟಲ್ಲು, ಇವತ್ತು ಹಾಡಿಕೊಂಡೇ ಮನೆ ನಡೆಸ್ತಿದಾನೆ. ನನಗಿಂತ ಚೆನ್ನಾಗಿ ಹಾಡ್ತಿದ್ನಾ, ಇಲ್ಲ. ಯಾರಿಗೆ ಹಾಡ್ಬೇಕು ಅಂತ ಕೇಳ್ಲಿಲ್ಲ ಅಷ್ಟೇ.

ಅದಾದ ಮೇಲೆ ಇನ್ನೂ ಕೆಟ್ಟದ್ದು ಮಾಡ್ದೆ. ಗಮಕದ ದನಿ ಇರೋದಕ್ಕೇ ನನಗೆ ಅಜ್ಜಂದಿರ ಹಾಡು ಬರ್ತಿದೆ ಅಂತ ತಲೇಲಿ ಹೊಕ್ಕುಬಿಡ್ತು. ಧಾರವಾಡಕ್ಕೆ ಹೋಗೋದು ನಿಲ್ಲಿಸ್ದೆ. ಕಿಶೋರ್ ಥರ ಹಾಡೋಕೆ ಸ್ಕೇಲ್ ಏರಿಸಿ ಏರಿಸಿ ದಿನಾ ಕಿರುಚಾಡಿ, ಆ ಸೀಸನ್ ಮುಗಿಯೋದ್ರೊಳಗೆ ತಾರ ಸಪ್ತಕ, ಅಂದ್ರೆ ಮೇಲಿನ ಸ್ವರಗಳು, ಒಡೆಯೋಕೆ ಶುರುವಾಯ್ತು. ಕಿಶೋರ್ ದನಿ ನನಗೆ ಬರ್ಲಿಲ್ಲ, ನನ್ನ ದನೀನೂ ಇರ್ಲಿಲ್ಲ.

ಈಗ ಮನ್ನಾ ಡೇ ವಿಷಯ. "ಎರಡನೇ ಸಾಲು" ಅಂತ ಬರೆದಿದೀರಲ್ಲ, ಆ ಮಾತನ್ನೇ ನಾನು ಒಪ್ಪಲ್ಲ.

ಅವರು ಕಲ್ಕತ್ತಾದವರು, 1919ರ ಮೇ 1ರಂದು ಹುಟ್ಟಿದ್ದು, ನಿಜವಾದ ಹೆಸರು ಪ್ರಬೋಧ ಚಂದ್ರ ಡೇ. ಚಿಕ್ಕಪ್ಪ ಕೆ.ಸಿ. ಡೇ, ಅಂದ್ರೆ ಕೃಷ್ಣಚಂದ್ರ ಡೇ, ಹುಡುಗರಾಗಿದ್ದಾಗಲೇ ಕಣ್ಣು ಕಳ್ಕೊಂಡವರು, ಆ ಕಾಲದ ಬಂಗಾಳದಲ್ಲಿ ದೊಡ್ಡ ಗಾಯಕ, ಸಂಗೀತ ನಿರ್ದೇಶಕ, ನಟ. 1942ರಲ್ಲಿ ಚಿಕ್ಕಪ್ಪನ ಜೊತೆ ಬಾಂಬೆಗೆ ಬಂದು ಅವರಿಗೇ ಅಸಿಸ್ಟೆಂಟ್ ಆಗಿದ್ರು, ಚಿಕ್ಕಪ್ಪ ಟ್ಯೂನ್ ಮಾಡಿದ್ರೆ ಇವರು ಸ್ವರಲಿಪಿ ಬರ್ಕೊಳೋದು. 'ರಾಮರಾಜ್ಯ' ಸಿನಿಮಾದವರು ಕೆ.ಸಿ. ಡೇ ಹತ್ರ ಹಾಡಿಸೋಕೆ ಬಂದಾಗ ಅವರು, ನನ್ನ ದನೀನ ಇನ್ನೊಬ್ಬ ನಟನ ತುಟಿಗೆ ಕೊಡಲ್ಲ ಅಂದುಬಿಟ್ರು. ಪಕ್ಕದಲ್ಲಿದ್ದ ಅಣ್ಣನ ಮಗ ಹಾಡಿದ. ಯಾರಿಗೆ? ಗಡ್ಡದ ವಾಲ್ಮೀಕಿಗೆ. 1943, ಆಗಿನ್ನೂ 23-24ರ ಹುಡುಗ.

ಆ ಹಾಡು ಚೆನ್ನಾಗಾಗಿದ್ದೇ ತಪ್ಪಾಯ್ತು ಅನ್ನೋ ಹಂಗೆ ಆಮೇಲೆ ವರ್ಷಗಟ್ಟಲೆ ಬರೀ ಋಷಿಗಳು, ಮುದುಕರು, ಪೌರಾಣಿಕ ಸಿನಿಮಾ. ಅಸಿಸ್ಟೆಂಟ್ ಕೆಲಸ ಮಾಡ್ಕೊಂಡು, ಕೆಲವು ಸಿನಿಮಾಗೆ ತಾವೇ ಸಂಗೀತ ಕೊಟ್ಕೊಂಡು ಕಾದ್ರು. 1950ರಲ್ಲಿ 'ಮಶಾಲ್' ಬಂತು, ಸಂಗೀತ ನಿರ್ದೇಶಕ ಎಸ್.ಡಿ. ಬರ್ಮನ್ 'ಊಪರ್ ಗಗನ್ ವಿಶಾಲ್' ಹಾಡಿಸಿದ್ರು, ಆಗ ಜನ ಹೆಸರು ಕೇಳೋಕೆ ಶುರು ಮಾಡಿದ್ರು. ಅಷ್ಟೂ ವರ್ಷ ಕಲಿಯೋದು ನಿಲ್ಲಿಸ್ಲಿಲ್ಲ ನೋಡಿ, ಬಾಂಬೇಲಿ ಅಮಾನ್ ಅಲಿ ಖಾನ್, ಅಬ್ದುಲ್ ರೆಹಮಾನ್ ಖಾನ್ ಹತ್ರ ತಾಲೀಮು ನಡೀತಾನೇ ಇತ್ತು.

ಆ ತಾಲೀಮು ಯಾವಾಗ ಕೈಹಿಡೀತು ಅಂದ್ರೆ 1956ರ 'ಬಸಂತ್ ಬಹಾರ್'ನಲ್ಲಿ. ನಮ್ಮ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿ ಆಧರಿಸಿ ಮಾಡಿದ ಸಿನಿಮಾ ಅದು, ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ. ಅದರಲ್ಲೊಂದು ಸ್ಪರ್ಧೆ ಸೀನ್, ಹೀರೋ ಭಾರತ ಭೂಷಣ್ ಆಸ್ಥಾನದ ವಿದ್ವಾಂಸನನ್ನ ಸೋಲಿಸ್ಬೇಕು. ವಿದ್ವಾಂಸನಿಗೆ ಹಾಡೋಕೆ ಸಂಗೀತ ನಿರ್ದೇಶಕರಾದ ಶಂಕರ್ ಜೈಕಿಶನ್ ಕರೆಸಿದ್ದು ನಮ್ಮ ಗದಗದ ಭೀಮಸೇನ ಜೋಶಿ ಅವರನ್ನ. ಹೀರೋಗೆ ಮನ್ನಾ ಡೇ. ಅಂದ್ರೆ ಭೀಮಸೇನರನ್ನ ಸೋಲಿಸ್ಬೇಕು! ಮನ್ನಾ ಡೇ ಹೆದರಿ ಹೆಂಡತಿ ಸುಲೋಚನಾಗೆ, ಪುಣೆಗೆ ಓಡಿ ಹೋಗಿಬಿಡೋಣ, ರೆಕಾರ್ಡಿಂಗ್ ಮುಗಿದ ಮೇಲೆ ಬರೋಣ ಅಂದಿದ್ರಂತೆ. ಹೀರೋ ಗೆಲ್ಲಲೇಬೇಕು, ನೀವು ಹಾಡಲೇಬೇಕು ಅಂತ ಹೆಂಡತಿನೇ ಕೂರಿಸಿದ್ರು. 'ಕೇತಕಿ ಗುಲಾಬ್ ಜೂಹಿ' ಹಾಕಿ ಕೇಳಿ. ಭೀಮಸೇನರು ತಾನ್ (ವೇಗದ ಸ್ವರಮಾಲೆ) ಬಿಟ್ಟರೆ ಗುಡುಗು, ಅದಕ್ಕೆ ಇವರು ಗುಡುಗೋಕೆ ಹೋಗಲ್ಲ, ತಮ್ಮ ದನಿ ಎಷ್ಟಿದೆಯೋ ಅಷ್ಟರಲ್ಲೇ ಸ್ವರ ಒಂದೊಂದೂ ಸ್ಪಷ್ಟವಾಗಿ ಇಟ್ಟು ಉತ್ತರ ಕೊಡ್ತಾರೆ. ಕಲಿತಿಲ್ಲದೋರು ಅಲ್ಲಿ ನಿಲ್ಲೋಕೂ ಆಗಲ್ಲ.

ಅದೇ ಮನುಷ್ಯ 1968ರಲ್ಲಿ 'ಪಡೋಸನ್'ನಲ್ಲಿ ಸೋಲ್ತಾರೆ. 'ಏಕ್ ಚತುರ್ ನಾರ್', ಸಂಗೀತದ ಮಾಸ್ಟರ್ ಮೆಹಮೂದ್‌ಗೆ ಇವರ ದನಿ, ಕಿಟಕಿಯಾಚೆ ಸುನೀಲ್ ದತ್‌ಗೆ ಕಿಶೋರ್. ಶಾಸ್ತ್ರೀಯ ಕಲಿಯದ ಕಿಶೋರ್ ಎದುರು ಸೋಲ್ಬೇಕು ಅಂದಾಗ ಮೊದಲು ಇವರಿಗೂ ಕಸಿವಿಸಿ ಆಗಿತ್ತಂತೆ. ಆದ್ರೆ ಹಾಡಿದ್ರು, ಹೆಂಗೆ ಹಾಡಿದ್ರು ಅಂದ್ರೆ ಇವತ್ತಿಗೂ ಆ ಹಾಡಲ್ಲಿ ಮಾಸ್ಟರ್ ಭಾಗ ಹಾಡೋಕೆ ನಿಮ್ಮ ಟೀಮಿನ ವಾಯ್ಸ್ ಆಫ್ ಕಿಶೋರ್‌ಗೆ ಸಾಧ್ಯ ಇಲ್ಲ. ಒಂದ್ಸಲ ಕೊಟ್ಟು ನೋಡಿ.

ಹೀರೋಗಳಿಗೆ ಹಾಡ್ಲಿಲ್ಲ ಅಂತಲ್ಲ, ರಾಜ್ ಕಪೂರ್‌ಗೆ 'ಶ್ರೀ 420'ನಲ್ಲೇ 'ಪ್ಯಾರ್ ಹುವಾ ಇಕ್‌ರಾರ್ ಹುವಾ' ಇದೆ. ಆದ್ರೆ ಹೀರೋ ಅಲ್ಲದೋರ ಹಾಡು ನೋಡಿ. 'ಉಪಕಾರ್'ನಲ್ಲಿ (1967) ವಿಲನ್ ಅಂತಲೇ ಹೆಸರಾಗಿದ್ದ ಪ್ರಾಣ್‌ಗೆ 'ಕಸ್ಮೆ ವಾದೆ ಪ್ಯಾರ್ ವಫಾ'. 'ವಕ್ತ್'ನಲ್ಲಿ ಮೂರು ಮಕ್ಕಳ ಅಪ್ಪನಿಗೆ 'ಏ ಮೇರಿ ಜೋಹರಾ ಜಬೀನ್'. 'ಕಾಬೂಲಿವಾಲಾ'ದ (1961) 'ಏ ಮೇರೇ ಪ್ಯಾರೇ ವತನ್' ಅಂತೂ ತೆರೆ ಮೇಲೆ ಬಲರಾಜ್ ಸಾಹ್ನಿ ಬಾಯಲ್ಲೂ ಇಲ್ಲ, ಪಕ್ಕದಲ್ಲಿ ಕೂತ ಇನ್ನೊಬ್ಬ ಪಠಾಣ ಹಾಡ್ತಾನೆ, ಹೀರೋ ಕೇಳ್ತಾನೆ. ಸಲಿಲ್ ಚೌಧರಿ ಟ್ಯೂನು. ರಾತ್ರಿ, ಸುತ್ತ ಜನ ಮಲಗಿದಾರೆ, ಊರು ಬಿಟ್ಟು ಬಂದೋನು ಯಾರಿಗೂ ಎಚ್ಚರ ಆಗದ ಹಂಗೆ ಹಾಡ್ಕೋತಿದಾನೆ. ಮನ್ನಾ ಡೇ ಅದನ್ನ ಎಷ್ಟು ಮೆತ್ತಗೆ ಶುರು ಮಾಡ್ತಾರೆ ಅಂದ್ರೆ ಮೊದಲ ಸಾಲಲ್ಲಿ ಉಸಿರೂ ಕೇಳ್ಸುತ್ತೆ. ಅಷ್ಟು ಸಣ್ಣ ದನೀಲಿ ಶ್ರುತಿ ಒಂದು ಕೂದಲೆಳೆನೂ ಜಾರಲ್ಲ. ಕಿರುಚಿ ಹಾಡೋದು ಸುಲಭ ಸ್ವಾಮಿ, ಮೆತ್ತಗೆ ಹಾಡೋಕೆ ಆ ಸಾ ಹಚ್ಚಿದ ಬೆಳಗುಗಳೇ ಬೇಕು. ಇದು ನಮ್ಮ ಗುರುಗಳು ಬಾಯಿ ಬಿಟ್ಟು ಹೇಳಿದ್ರು, ಆಗ ನನ್ನ ಕಿವಿಗೆ ಹೋಗ್ಲಿಲ್ಲ.

ಇನ್ನು ಬಂಗಾಳಿ ಕಡೆ ಬಂದ್ರೆ ನಿಮ್ಮ "ಎರಡನೇ ಸಾಲು" ಅನ್ನೋದೇ ಬಿದ್ದು ಹೋಗುತ್ತೆ. ನಾವು ಹಿಂದಿ ಕ್ಯಾಸೆಟ್ ಮಾತ್ರ ಕೇಳಿ ಬೆಳೆದೋರು, ಅದಕ್ಕೇ ರಫಿ, ಕಿಶೋರ್, ಮುಕೇಶ್, ಆಮೇಲೆ ಇವರು ಅಂತ ಲೆಕ್ಕ ಹಾಕ್ತೀವಿ. ಕಲ್ಕತ್ತಾದಲ್ಲಿ ಉತ್ತಮ್ ಕುಮಾರ್ ಅಂದ್ರೆ ನಮಗೆ ಅಣ್ಣಾವ್ರು ಇದ್ದ ಹಾಗೆ. ಮೊದಲು ಉತ್ತಮ್‌ಗೆ ಹೇಮಂತ ಮುಖರ್ಜಿ ದನಿ ಆಗಿದ್ರು, ಅರವತ್ತರ ದಶಕದಲ್ಲಿ 'ಶಂಖಬೇಲಾ', 'ಆಂಟನಿ ಫಿರಿಂಗಿ' ಬಂದ ಮೇಲೆ ಮನ್ನಾ ಡೇ ಆ ಜಾಗಕ್ಕೆ ಬಂದ್ರು. 'ನಿಶಿಪದ್ಮ'ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, ಅದಕ್ಕೂ ಮೊದಲು ಹಿಂದಿ 'ಮೇರೇ ಹುಜೂರ್'ನ 'ಝನಕ್ ಝನಕ್'ಗೆ ಬಂದಿತ್ತು. ಸಿನಿಮಾ ಅಲ್ಲದ ಬಂಗಾಳಿ ಹಾಡುಗಳಿಗೆ ಎಷ್ಟೋ ಸಲ ರಾಗ ಸಂಯೋಜನೆನೂ ಅವರದ್ದೇ, ದುರ್ಗಾಪೂಜೆ ಹೊತ್ತಿಗೆ ಬರೋ ಹೊಸ ರೆಕಾರ್ಡಿಗೆ ಜನ ಕಾಯ್ತಿದ್ರು. 1983ರ 'ಕಾಫಿ ಹೌಸ್' ಹಾಡು ಬಂದಾಗ ವಯಸ್ಸು 60 ದಾಟಿತ್ತು, ಕಾಲೇಜು ಸ್ಟ್ರೀಟಿನ ಕಾಫಿ ಹೌಸಲ್ಲಿ ಹರಟೆ ಹೊಡೀತಿದ್ದ ಏಳು ಜನ ಗೆಳೆಯರು ದಿಕ್ಕಾಪಾಲಾದ ಕಥೆ, ಇವತ್ತಿನ ಬಂಗಾಳಿ ಹುಡುಗರಿಗೂ ಬಾಯಿಪಾಠ. ಮನ್ನಾ ಡೇ ಯಾವ ಸಾಲಲ್ಲಿದ್ರು ಅಂತ ಆ ಹುಡುಗರನ್ನ ಕೇಳಿ.

ಕೊನೇ ವರ್ಷಗಳು ನಮ್ಮ ಬೆಂಗಳೂರಲ್ಲೇ ಇದ್ರು, ಕಲ್ಯಾಣ ನಗರದಲ್ಲಿ. 2007ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗಲೂ ಇಲ್ಲೇ. 2013ರ ಅಕ್ಟೋಬರ್ 24ರಂದು 94ನೇ ವಯಸ್ಸಲ್ಲಿ ತೀರ್ಕೊಂಡ್ರು, ಹೆಬ್ಬಾಳದಲ್ಲಿ ಅಂತ್ಯಸಂಸ್ಕಾರ ಆಯ್ತು. ನಾನು ಆ ಕಡೆ ಎಷ್ಟೋ ಸಲ ಕೆಲಸದ ಮೇಲೆ ಓಡಾಡಿದೀನಿ, ಒಂದ್ಸಲನೂ ಅವರ ಮನೆ ಹುಡ್ಕೊಂಡು ಹೋಗಿ ಕಾಲಿಗೆ ಬೀಳ್ಲಿಲ್ಲ, ಅದೂ ಇದೆ ಮನಸ್ಸಲ್ಲಿ.

ನಿಮಗೆ ನಾನು ಹೇಳೋದು ಇಷ್ಟು. ಕಿಶೋರ್ ವಾಯ್ಸ್ ಪ್ರಾಕ್ಟೀಸ್ ಇವತ್ತೇ ನಿಲ್ಲಿಸಿ. ಆರ್ಕೆಸ್ಟ್ರಾ ಬಿಡೋದು ಬೇಡ, ಮೈಕ್ ಅಭ್ಯಾಸ, ಜನರ ಅಭ್ಯಾಸ ಅಲ್ಲೇ ಆಗೋದು, ದುಡ್ಡೂ ಬರುತ್ತೆ. ಹಾಡಿನ ಟೈಮ್ ಬಗ್ಗೆ ಮಾಲೀಕರ ಹತ್ರ ಜಗಳ ಮಾಡಿ, ಅದು ನಿಮ್ಮ ಹಕ್ಕು, ಹತ್ತೂವರೆ ಬದಲು ಎಂಟೂವರೆಗೆ 'ಜಿಂದಗಿ ಕೈಸೀ ಹೈ ಪಹೇಲಿ' ಕೊಡಿ ಅನ್ನಿ, ಹುಡುಗರೂ ಎದ್ದು ಹೋಗಲ್ಲ ಅದಕ್ಕೆ. ಅಜ್ಜಂದು, ಫಕೀರಂದು, ಕುಡುಕಂದು, ಜಾಹೀರಾತಿಂದು, ಯಾರ ಹಾಡಿಗೆ ಕರೆದ್ರೂ ಹೋಗಿ. ಹೀರೋಗಾ ಅಂತ ಕೇಳ್ಬೇಡಿ, ಸ್ಕೇಲ್ ಯಾವುದು ಅಂತ ಕೇಳಿ. ಕಾಪಿ ಸಿಂಗರ್‌ಗೆ ಇರೋ ಮಾರ್ಕೆಟ್ ಬೇರೆ ಥರದ್ದು, ಅಲ್ಲೂ ಜನ ಬದುಕ್ತಿದಾರೆ ಅಂತ ಕೆಲವರು ಇಲ್ಲೇ ಬರೀಬಹುದು, ಇರ್ಬೋದು, ಆದ್ರೆ ಗಮಕದ ಗಂಟಲು ಇರೋರು ಆ ಕಡೆ ಹೋಗೋದನ್ನ ನಾನಂತೂ ಒಪ್ಪಲ್ಲ.

ಕ್ಲಾಸಿನ ಫೀಸೂ ಕಷ್ಟ ಅಂತ ಕೊನೇಲಿ ಬರೆದಿದೀರಿ. ನಿಮ್ಮ ಗುರುಗಳಿಗೆ ನೇರವಾಗಿ ಹೇಳಿ, ಮೆಸೇಜ್ ಹಾಕ್ಬೇಡಿ, ಹೋಗಿ ಎದುರು ಕೂತು ಹೇಳಿ. ನಾನು ವರ್ಷಗಳಾದ ಮೇಲೆ ತಲೆ ತಗ್ಗಿಸ್ಕೊಂಡು ಧಾರವಾಡಕ್ಕೆ ವಾಪಸ್ ಹೋದಾಗ ನಮ್ಮ ಗುರುಗಳು ಎಲ್ಲಿದ್ದೆ ಅಂತ ಕೇಳ್ಲಿಲ್ಲ, ದುಡ್ಡಿನ ಮಾತೂ ಎತ್ಲಿಲ್ಲ, "ಸ್ಕೇಲ್ ಇಳಸು, ಸಾ ಹಚ್ಚು" ಅಂದ್ರು. ಈಗ ನಾನು ಮಕ್ಕಳಿಗೆ ಪಾಠ ಹೇಳ್ತೀನಿ, ಫೀಸ್ ಕಷ್ಟ ಅಂತ ಬಂದೋರನ್ನ ನಾನೂ ವಾಪಸ್ ಕಳ್ಸಿಲ್ಲ, ಪಾಠ ಹೇಳೋರು ಹೆಚ್ಚಿನವರು ಕಳ್ಸಲ್ಲ. ಈ ಭಾನುವಾರನೇ ಹೋಗಿ ಮಾತಾಡಿ, ಏನಂದ್ರು ಅಂತ ಕೆಳಗೆ ಬರೀರಿ.