ಪ್ರತಿಕ್ರಿಯೆ: ಚಾವಡಿಗೆ ಟೋಪಿ ಟೈಲ್ಸ್ ಹಾಕಬಹುದೇ?

ಕಾಪುವಿನ ಹೊಸ ಮನೆಯ ಚಾವಡಿಗೆ ಎಂದೂ ಮರುಕಳಿಸದ ವಿನ್ಯಾಸದ ಆ 'ಟೋಪಿ' ಆಕಾರದ ಟೈಲ್ಸ್ ಹಾಕಬಹುದೇ, ಒಂದೇ ಅಚ್ಚು ಸಾಕೇ ಎಂದು ಕೇಳಿದ್ದೀರಿ. ಹಾಕಬಹುದು, ಆದರೆ ಅಚ್ಚಿನ ವಿಷಯದಲ್ಲಿ ಒಂದು ತೊಡಕಿದೆ.

2023ರ ಮಾರ್ಚ್‌ನಲ್ಲಿ ಪ್ರಕಟವಾದ ಈ 13 ಬದಿಯ ಆಕಾರವನ್ನು ಕಂಡುಹಿಡಿದವರು ಡೇವಿಡ್ ಸ್ಮಿತ್ ಎಂಬ ನಿವೃತ್ತ ಮುದ್ರಣ ತಂತ್ರಜ್ಞ. ವಾಟರ್‌ಲೂ ವಿಶ್ವವಿದ್ಯಾಲಯದ ಕ್ರೇಗ್ ಕಪ್ಲಾನ್ ಮತ್ತು ಇನ್ನಿಬ್ಬರು ಅದನ್ನು ಗಣಿತದಿಂದ ಸಾಬೀತುಪಡಿಸಲು ಜೊತೆಯಾದರು. ನೆಲ ತುಂಬಬೇಕಾದರೆ ಸುಮಾರು ಎಂಟಕ್ಕೆ ಒಂದು ಟೈಲನ್ನು ಮಗುಚಿ ಹಾಕಲೇಬೇಕು. ಹೊಳಪಿನ ಟೈಲ್ಸ್ ಮಗುಚಿದರೆ ಬೆನ್ನು ಮೇಲಾಗುತ್ತದೆ! ಆದ್ದರಿಂದ ಎರಡು ಅಚ್ಚು ಬೇಕು. ಎರಡೂ ಮುಖ ಒಂದೇ ಆಗಿರುವ ಕೆಂಪು ಮಣ್ಣಿನ ಬಿಲ್ಲೆ ಸಿಕ್ಕಿದರೆ ಈ ತಾಪತ್ರಯವೇ ಇಲ್ಲ. 1865ರಿಂದ ಹೆಂಚು ಸುಟ್ಟ ಮಂಗಳೂರು ಪಕ್ಕದಲ್ಲೇ ಇರುವಾಗ ನಾನಾದರೆ ಅದನ್ನೇ ಮೊದಲು ವಿಚಾರಿಸುತ್ತಿದ್ದೆ. ಇಲ್ಲವಾದರೆ, ಅದೇ ತಂಡ ಎರಡು ತಿಂಗಳ ಬಳಿಕ ಕೊಟ್ಟ 'ಸ್ಪೆಕ್ಟರ್' ಎಂಬ ಇನ್ನೊಂದು ಆಕಾರ ಇದೆ. ಅದನ್ನು ಮಗುಚುವ ಅಗತ್ಯವಿಲ್ಲ, ಒಂದೇ ಅಚ್ಚು ಸಾಕು.

ಮೇಸ್ತ್ರಿಯವರಿಗೆ ಮಾತ್ರ ಪೂರ್ತಿ ನಕ್ಷೆ ಕೊಡಿ, ಪ್ರತಿ ಟೈಲಿಗೂ ಸಂಖ್ಯೆ ಹಾಕಿ. ನಾನು ರಟ್ಟಿನಲ್ಲಿ ಟೋಪಿಗಳನ್ನು ಕತ್ತರಿಸಿ ಊಟದ ಮೇಜಿನ ಮೇಲೆ ಕಣ್ಣಂದಾಜಿನಲ್ಲಿ ಜೋಡಿಸಹೊರಟು, ಇಪ್ಪತ್ತು ಮುಗಿಯುವಷ್ಟರಲ್ಲಿ ಯಾವುದೂ ಕೂರದ ಒಂದು ಸಂದು ಮಾಡಿಕೊಂಡಿದ್ದೆ. ರಟ್ಟನ್ನಾದರೆ ಎತ್ತಬಹುದು, ಸಿಮೆಂಟ್ ಹಿಡಿದ ಟೈಲನ್ನು ಎತ್ತುವುದು ಹೇಗೆ?

ಗೋಡೆಯಂಚಿಗೆ ಕತ್ತರಿಸುವಾಗ ಬಹಳ ನಷ್ಟವಾಗುತ್ತದೆ, ಸ್ವಲ್ಪ ಹೆಚ್ಚೇ ಮಾಡಿಸಿಟ್ಟುಕೊಳ್ಳಿ.