ಪುಸ್ತಕ ಮುಚ್ಚಿದ ಮೇಲೆ ಉಳಿದದ್ದೆಷ್ಟು?

(ಹಗಲು ಕಾಲೇಜು, ಸಂಜೆ ಕೆಲಸ ಎಂದು ಓಡಾಡುವ ಓದುಗರೊಬ್ಬರು ಒಂದೇ ಪತ್ರದಲ್ಲಿ ಮೂರು ಪ್ರಶ್ನೆ ಕೇಳಿದ್ದಾರೆ. ಬಿಡಿಸಿ ಉತ್ತರಿಸಿದ್ದೇವೆ.)

ಪ್ರಶ್ನೆ: ಪದವಿ ಎರಡನೇ ವರ್ಷದಲ್ಲಿದ್ದೇನೆ. ಸಂಜೆ ಐದರಿಂದ ಒಂಬತ್ತರವರೆಗೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಆಮೇಲೆ ಹನ್ನೆರಡೂವರೆ ತನಕ ಓದು, ಒಂದೇ ಪಾಠ ಮೂರು ನಾಲ್ಕು ಸಲ. ಓದುವಾಗ ಎಲ್ಲ ಗೊತ್ತು ಅನಿಸುತ್ತದೆ, ವಾರ ಕಳೆದರೆ ತಲೆ ಖಾಲಿ. ನನಗೆ ನೆನಪಿನ ಶಕ್ತಿಯೇ ಕಮ್ಮಿಯಾ?

ಉತ್ತರ: ಖಂಡಿತ ಅಲ್ಲ. ತೊಂದರೆ ಇರುವುದು ಆ ‘ಮೂರು ನಾಲ್ಕು ಸಲ’ದಲ್ಲಿ. ಮತ್ತೆ ಮತ್ತೆ ಓದಿದರೆ ಸಾಲುಗಳು ಕಣ್ಣಿಗೆ ಪರಿಚಯವಾಗುತ್ತವೆ, ಆ ಪರಿಚಯವನ್ನೇ ನೆನಪು ಅಂದುಕೊಂಡುಬಿಡುತ್ತೇವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಇದನ್ನು ಕಾಲೇಜು ವಿದ್ಯಾರ್ಥಿಗಳಲ್ಲೇ ಪರೀಕ್ಷಿಸಿ ನೋಡಿದರು. ಒಂದು ಗುಂಪು ಪಾಠವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಮೂರು ಸುತ್ತು ನೋಡದೆ ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದು: ಶೇ 83, ಬರೆದವರು ಶೇ 71. ವಾರ ಬಿಟ್ಟು ಕೇಳಿದರೆ ಓದಿದವರು ಶೇ 40, ಬರೆದವರು ಶೇ 61! ರಾತ್ರಿ ‘ಗೊತ್ತು’ ಅನಿಸಿದ್ದು ಆಮೇಲೆ ಮಾಯವಾಗುವುದು ನಿಮ್ಮೊಬ್ಬರಿಗೇ ಅಲ್ಲ.

ಹಾಗಾಗಿ ಕೆಲಸದಿಂದ ಬಂದ ಮೇಲೆ ಹೊಸ ಪಾಠ ಬೇಡ. ಖಾಲಿ ಹಾಳೆ ತೆಗೆದುಕೊಂಡು, ನೋಟ್ಸ್ ಮುಚ್ಚಿ, ಬೆಳಗಿನ ತರಗತಿಯಲ್ಲಿ ಕೇಳಿದ್ದನ್ನು ಹತ್ತು ನಿಮಿಷ ಬರೆಯಿರಿ. ಆಮೇಲೆ ನೋಟ್ಸ್ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ತುಂಬಿಸಿ. ಆ ಬಣ್ಣದ ಸಾಲುಗಳಷ್ಟೇ ನಿಮ್ಮ ಓದಿನ ಬಾಕಿ. ಅವನ್ನು ಚೀಟಿಗಳಿಗೆ ಇಳಿಸಿ: ಮುಂದೆ ಪ್ರಶ್ನೆ, ಹಿಂದೆ ಉತ್ತರ. ಒಂದು ಚೀಟಿಗೆ ಒಂದೇ ಪ್ರಶ್ನೆ. ಐದು ಅಂಶದ ಉತ್ತರವನ್ನು ಒಂದೇ ಚೀಟಿಗೆ ತುರುಕಿದರೆ ಮೂರು ಹೇಳಿ ‘ಬಂತು’ ಎಂದು ಮುಂದೆ ಹೋಗುತ್ತೀರಿ, ಉಳಿದೆರಡು ಎಂದೂ ಬರುವುದಿಲ್ಲ.

ಚೀಟಿಗಳಿಗೆ ಐದು ಡಬ್ಬಿ ಇಡಿ. ಇದು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ವಿಜ್ಞಾನ ಲೇಖಕ ಜನಪ್ರಿಯಗೊಳಿಸಿದ ಕ್ರಮ. ಮೊದಲ ಡಬ್ಬಿಯನ್ನು ದಿನಾ ನೋಡಿ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮುಂದಿನವನ್ನು ನಾಲ್ಕು, ಎಂಟು, ಹದಿನಾರು ದಿನಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ಎಲ್ಲಿದ್ದರೂ ಮೊದಲಿನದಕ್ಕೆ. ಐದನೆಯದರಲ್ಲೂ ಸರಿ ಹೇಳಿದರೆ ಆ ಚೀಟಿ ಮುಗಿಯಿತು.

ಕೆಲವು ವಾರಗಳಲ್ಲೇ ಇದನ್ನು ಕೈಬಿಡುವವರುಂಟು. ಕಾರಣ ಸೋಮಾರಿತನವಲ್ಲ, ಗಣಿತ. ಪ್ರತಿ ಚೀಟಿ ಕನಿಷ್ಠ ಐದು ಸಲ ಕೈಗೆ ಬರುತ್ತದೆ. ದಿನಕ್ಕೆ 10 ಹೊಸ ಚೀಟಿ ಸೇರಿಸಿದರೆ ಕೊನೆಗೆ ದಿನಾ ನೋಡಬೇಕಾದದ್ದು ಸುಮಾರು 50. ಚೀಟಿಗೆ 15 ಸೆಕೆಂಡಿನಂತೆ ಹನ್ನೆರಡು–ಹದಿಮೂರು ನಿಮಿಷ, ಪರವಾಗಿಲ್ಲ. ಉತ್ಸಾಹದಲ್ಲಿ 40 ಸೇರಿಸಿದಿರೋ, ದಿನಕ್ಕೆ 200 ಚೀಟಿ, ಐವತ್ತು ನಿಮಿಷ. ತಪ್ಪಿದವು ಬೇರೆ.

ಇಷ್ಟು ಮುಗಿಸಿ ಹನ್ನೊಂದರೊಳಗೆ ಮಲಗಿ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು, ಓದಿದ್ದು ಗಟ್ಟಿಯಾಗುವುದೂ ಆಗಲೇ. ಕೆಲಸದ ನಡುವೆ ಏಳಕ್ಕೆ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಬಿಡಿ. ಕೆಫೀನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು.

ಪ್ರಶ್ನೆ: ಟೈಮ್‌ಟೇಬಲ್ ಹಾಕುತ್ತೇನೆ, ಮೂರೇ ದಿನಕ್ಕೆ ಕೆಡುತ್ತದೆ.

ಉತ್ತರ: ಎಲ್ಲರದೂ ಕೆಡುತ್ತದೆ. 1994ರ ಒಂದು ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕು ಎಂದ ವಿದ್ಯಾರ್ಥಿಗಳಿಗೆ ನಿಜಕ್ಕೂ 55 ದಿನ ಮೀರಿ ಹಿಡಿಯಿತು. ಮೊದಲ ವಾರ ಟೈಮ್‌ಟೇಬಲ್ ಹಾಕಲೇಬೇಡಿ. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ, ಅಷ್ಟೇ. ಎರಡನೇ ವಾರದ ಪಟ್ಟಿಯನ್ನು ಆ ಅಂಕಿಗಳಿಂದ ಮಾಡಿ, ವಾರದಲ್ಲಿ ಒಂದು ಸಂಜೆಯನ್ನು ಬಾಕಿ ತೀರಿಸಲು ಖಾಲಿ ಬಿಡಿ. ಸಂಜೆ ಬಿಡುವೇ ಇಲ್ಲದಿದ್ದರೆ ರಜೆಯ ದಿನದ ಬೆಳಿಗ್ಗೆ ಎರಡು ಗಂಟೆ.

ಪ್ರಶ್ನೆ: ಮುಂದೆ ಏನಾಗಬೇಕೆಂದು ಎಲ್ಲರೂ ಕೇಳುತ್ತಾರೆ. ನನಗೇ ಗೊತ್ತಿಲ್ಲ. ಈ ಲೆಕ್ಕದ ಕೆಲಸದಿಂದ ಏನಾದರೂ ಪ್ರಯೋಜನವಿದೆಯೇ?

ಉತ್ತರ: ಉದ್ಯೋಗದ ಹೆಸರನ್ನು ಬದಿಗಿಟ್ಟು ಅದರ ಒಂದು ದಿನವನ್ನು ನೋಡಿ. ಆ ಕೆಲಸದಲ್ಲಿರುವವರು ಸಿಕ್ಕರೆ ‘ಹೇಗಿದೆ ಸರ್?’ ಎನ್ನಬೇಡಿ, ‘ಚೆನ್ನಾಗಿದೆ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಿನ್ನೆ ಮಧ್ಯಾಹ್ನದ ತನಕ ಏನೇನು ಮಾಡಿದಿರಿ, ಯಾವ ಭಾಗ ಬೇಸರ, ಹೊಸಬರು ಮೊದಲ ಆರು ತಿಂಗಳು ಎಲ್ಲಿ ಎಡವುತ್ತಾರೆ ಎಂದು ಕೇಳಿ.

ಇನ್ನು ನಿಮ್ಮ ಸಂಜೆಯ ಕೆಲಸ. ದಿನದ ಕೊನೆಗೆ ಲೆಕ್ಕ ತಾಳೆಯಾಗದೆ 90 ವ್ಯತ್ಯಾಸ ಬಂತು ಅಂದುಕೊಳ್ಳಿ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 540 ಬರೆಯುವಲ್ಲಿ 450. ಅಕ್ಕಪಕ್ಕದ ಎರಡು ಅಂಕಿ ಸ್ಥಾನ ಬದಲಿಸಿದರೆ ವ್ಯತ್ಯಾಸ ಯಾವಾಗಲೂ 9ರ ಅಪವರ್ತ್ಯವೇ. ನಾಳೆಯೇ ಪ್ರಯೋಗಿಸಿ ನೋಡಿ. ಆ ತಪ್ಪನ್ನು ಹುಡುಕುತ್ತ ಗಂಟೆ ನೋಡುವುದನ್ನು ಮರೆತಿರೋ, ಅಥವಾ ಇನ್ಯಾರಾದರೂ ಹುಡುಕಲಿ ಅನಿಸಿತೋ? ಎರಡರಲ್ಲಿ ಯಾವುದಾದರೂ ಸರಿ, ದಿನಾಂಕ ಹಾಕಿ ಬರೆದಿಡಿ. ಇಂಥ ಇಪ್ಪತ್ತು ಟಿಪ್ಪಣಿ ಸೇರಿದ ಮೇಲೆ ಇದೇ ಪ್ರಶ್ನೆಯನ್ನು ನಮಗೆ ಮತ್ತೆ ಬರೆಯಿರಿ.